ಕನ್ನಡಿ ಹಿಡಿದ ಕೈ

ಬೆಳಗಿನ ಐದೂವರೆ. ಬೀದಿಯಲ್ಲಿ ಲಾರಿಗಳ ಓಡಾಟ ಶುರುವಾದರೆ ಮೇಜು ಅದುರುತ್ತದೆ, ಮೇಜಿನ ಮೇಲಿನ ಸ್ಕ್ಯಾನರ್ ಕೂಡ. ಅದಕ್ಕೇ ಚುಕ್ಕಿ ಮೇಡಂ ಇಷ್ಟು ಬೇಗ ಬರುತ್ತಾರೆ. ಕಿಟಕಿ ತೆರೆಯುವುದಿಲ್ಲ, ಫ್ಯಾನ್ ಹಾಕುವುದಿಲ್ಲ. ಕೈಗವಸು ತೊಟ್ಟು, ಕಿರುಬೆರಳಿಗಿಂತ ಕಿರಿದಾದ ಎಂಟು ಮಿಲಿಮೀಟರ್ ಫಿಲ್ಮನ್ನು ಮೆತ್ತನೆಯ ಬಟ್ಟೆಯ ನಡುವೆ ಹಾಯಿಸುತ್ತಾರೆ. "ನಮ್ಮ ಉಸಿರೂ ಇದಕ್ಕೆ ಕೊಳೆನೇ," ಎನ್ನುತ್ತಾರೆ.

ಹಳೆಯ ಫಿಲ್ಮುಗಳನ್ನು ಕಂಪ್ಯೂಟರಿಗೆ ಇಳಿಸಿ, ಕಲೆ ಅಳಿಸಿ, ಬಣ್ಣ ತಿದ್ದುವುದು ಹತ್ತೊಂಬತ್ತು ವರ್ಷಗಳಿಂದ ಇವರ ಕೆಲಸ. ಬೇರೆಯವರ ಕಣ್ಣಿಗೆ ಬೀಳದ ಚುಕ್ಕಿಗಳನ್ನೂ ಹಿಡಿಯುತ್ತಾರೆಂದು ಜೊತೆಯವರು ಈ ಹೆಸರಿಟ್ಟಿದ್ದಾರೆ.

ಈ ಸಲ ಬಂದಿರುವ ಚಿತ್ರ ಐದಾರು ಗೆಳೆಯರು ಸೇರಿ ನಲವತ್ತಮೂರು ವರ್ಷಗಳ ಹಿಂದೆ ಭಾನುವಾರಗಳಂದು ತೆಗೆದದ್ದು. ನಲವತ್ತೆರಡು ನಿಮಿಷ, ಸೆಕೆಂಡಿಗೆ ಹದಿನೆಂಟರಂತೆ ನಲವತ್ತೈದು ಸಾವಿರದ ಮುನ್ನೂರ ಅರವತ್ತು ಫ್ರೇಮುಗಳು. ಅರ್ಧಕ್ಕರ್ಧ ಫ್ರೇಮುಗಳಲ್ಲಿ ಒಂದೇ ಮುಖ: ಇವರ ಅಕ್ಕನದು.

"ಹುಟ್ಟಿದಾಗಿಂದ ನೋಡಿದ್ದು ಸಾಲದು ಅಂತ ಈಗ ದೊಡ್ಡದು ಮಾಡಿ ನೋಡ್ತಿದೀನಿ."

ಆಗ ಅಕ್ಕನಿಗೆ ಹತ್ತೊಂಬತ್ತು, ತಂಗಿಗೆ ಹನ್ನೆರಡು. ಅಕ್ಕ ಕಿಟಕಿಯ ಬಳಿ ಪತ್ರ ಓದುವ ಹದಿನೇಳು ಸೆಕೆಂಡಿನ ದೃಶ್ಯವೇ ಚಿತ್ರದ ಜೀವ. ಅವಳ ಕಣ್ಣಿನ ಮಿಂಚನ್ನು ನೋಡಿದವರು ಇಂದಿಗೂ ನೆನೆಯುತ್ತಾರೆ. ಆ ಮಿಂಚು ಹುಟ್ಟಿದ್ದು ಮಾತ್ರ ತಂಗಿಯ ಕೈಯಲ್ಲಿ. ಕ್ಯಾಮೆರಾದ ಪಕ್ಕ ಮಂಡಿಯೂರಿ, ಮನೆಯ ಕನ್ನಡಿಯಿಂದ ಬಿಸಿಲನ್ನು ಅಕ್ಕನ ಮುಖಕ್ಕೆ ಹಾಯಿಸಿದವರು ಇವರೇ.

"ಕೈ ಸೋತು ನಡುಗ್ತಿತ್ತು. 'ನೆಟ್ಟಗೆ ಹಿಡಿಯೇ, ಕಣ್ಣಿಗೆ ಚುಚ್ಚುತ್ತೆ' ಅಂತ ಗದರಿದ್ಲು. ಆಮೇಲೆ ಊರೆಲ್ಲ ಹೊಗಳಿದ್ದು ಅವಳ ಕಣ್ಣನ್ನ. ನಂಗೆ ಹೊಟ್ಟೆ ಉರಿದುಹೋಯ್ತು. ಇನ್ನೂ ಆರಿಲ್ಲ, ಸುಳ್ಳ್ಯಾಕೆ ಹೇಳ್ಲಿ?"

ಹೋದ ವಾರ ಆ ಹೊಟ್ಟೆಯುರಿಗೆ ಒಂದು ಅವಕಾಶ ಒದಗಿತು. ಕಲೆ ತೆಗೆಯುವ ಸಾಫ್ಟ್‌ವೇರಿನ ಲೆಕ್ಕ ಸರಳ: ಒಂದು ಫ್ರೇಮಿನಲ್ಲಿ ಕಂಡು, ಹಿಂದುಮುಂದಿನ ಫ್ರೇಮುಗಳಲ್ಲಿ ಇಲ್ಲದ ಚುಕ್ಕಿಯೆಲ್ಲ ಕಸ. ನಡುಗುವ ಕನ್ನಡಿಯ ಮಿಂಚೂ ಹಾಗೆಯೇ ಬಂದು ಮಾಯವಾಗುವಂಥದ್ದು. ಅಂಥ ದೃಶ್ಯಗಳನ್ನು ಮೊದಲೇ ಗುರುತಿಸಿ ಹೊರಗಿಡುವುದು ಇವರ ರೂಢಿ. ಇದೊಂದನ್ನು ಮರೆತರು. ಯಂತ್ರ ಮಿಂಚನ್ನೂ ಗುಡಿಸಿ ಹಾಕಿತು.

ಎಪ್ಪತ್ತು ದಾಟಿದ ನಿರ್ದೇಶಕರಿಗೆ ಗೊತ್ತಾಗಲಿಲ್ಲ. "ಎಷ್ಟು ಸ್ವಚ್ಛ!" ಎಂದು ಒಪ್ಪಿಗೆ ಕೊಟ್ಟು ಹೋದರು. ಶನಿವಾರ ಪ್ರದರ್ಶನ.

"ನಂಗೆ ಗೊತ್ತಾದ್ರೂ ಎರಡು ದಿನ ಬಾಯಿ ಬಿಡಲಿಲ್ಲ. ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ!"

ಮೂರನೆಯ ದಿನ ಅಕ್ಕನೇ ಬಂದಳು. ದೃಶ್ಯ ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

"ಏನೇ ಇದು, ನನ್ನ ಕಣ್ಣು ಸತ್ತ ಮೀನಿನ ಥರ ಕಾಣ್ತಿದೆಯಲ್ಲೇ?"

"ನಿಂಗೆ ಪೊರೆ ಬಂದಿದೆ ಕಣಕ್ಕಾ."

"ಪೊರೆ ಈಗಿನ ಕಣ್ಣಿಗೆ ಬರುತ್ತೆ, ಆಗಿನ ಕಣ್ಣಿಗೂ ಬರುತ್ತಾ? ನಿನ್ನ ಕನ್ನಡಿ ಎಲ್ಲಿ?"

ಇಷ್ಟು ವರ್ಷಗಳಲ್ಲಿ ಅಕ್ಕ ಕನ್ನಡಿಯ ಮಾತೆತ್ತಿದ್ದು ಅದೇ ಮೊದಲು. ಅಕ್ಕ ಹೊರಟ ಮೇಲೆ ತಂಗಿ ಮೂಲ ಸ್ಕ್ಯಾನನ್ನು ತೆರೆದು ಕುಳಿತರು.

ಈಗ ಮುನ್ನೂರ ಆರು ಫ್ರೇಮುಗಳಲ್ಲಿ ಯಾವುದು ಕಲೆ, ಯಾವುದು ಮಿಂಚು ಎಂದು ಬೇರ್ಪಡಿಸಿ ಮಿಂಚನ್ನಷ್ಟೇ ವಾಪಸ್ ಕೂರಿಸುತ್ತಿದ್ದಾರೆ. ಯಂತ್ರವನ್ನು ನಂಬುವಂತಿಲ್ಲ, ಕೈಯಿಂದಲೇ ಆಗಬೇಕು. ದಿನಕ್ಕೆ ಎಂಬತ್ತು ಸಾಗುತ್ತವೆ. "ಅವಳ ಕಣ್ಣು ಹಾಳಾದ್ರೆ ಹಾಳಾಗ್ಲಿ ಅನ್ಕೊಂಡಿದ್ದೆ. ಅಳಿಸಿಹೋಗಿದ್ದು ನಂದು ಅಂತ ಆಮೇಲೆ ಹೊಳೀತು."

ಚಿತ್ರದ ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿಗೆ ಇವರನ್ನು 'ತಂತ್ರಜ್ಞೆ' ಎಂದು ಸೇರಿಸುವುದಾಗಿ ನಿರ್ದೇಶಕರು ಫೋನಿನಲ್ಲಿ ಹೇಳುತ್ತಾರೆ. ಇವರು ಕೈಗವಸು ಬಿಚ್ಚದೆಯೇ ಉತ್ತರಿಸುತ್ತಾರೆ:

"ಅದೆಲ್ಲ ಬೇಡ ಸರ್. 'ಕನ್ನಡಿ ಹಿಡಿದವರು' ಅಂತ ಬರೆದು ಮುಂದೆ ನನ್ನ ಹೆಸರು ಹಾಕಿ, ಸಾಕು. 'ನಾಯಕಿಯ ತಂಗಿ' ಅಂತ ಮಾತ್ರ ಹಾಕ್ಬೇಡಿ."