ಅಜ್ಜಿಯ ಬಾಯಲ್ಲಿ ಹೇಳಿಸಿದವರು

ನಮ್ಮ ಕನ್ನಡ ಮೇಡಂ ಅವರ ಎಡ ಹೆಬ್ಬೆರಳಿಗೆ ಅರ್ಧ ಉಗುರು ಮಾತ್ರ ಇತ್ತು. ಚಿಕ್ಕಂದಿನಲ್ಲಿ ಮೊಳಕಾಲ್ಮೂರಿನ ಮನೆಯಲ್ಲಿ ಅಪ್ಪನ ಮಗ್ಗಕ್ಕೆ ಸಿಕ್ಕಿ ಹೋದದ್ದಂತೆ. ಆ ಬೆರಳಿನಿಂದ ಹಾಳೆ ಒತ್ತಿ ಹಿಡಿದು ನಮ್ಮ ಬರಹಗಳನ್ನು ಪೆನ್ಸಿಲ್ಲಿನಲ್ಲಿ ತಿದ್ದುತ್ತಿದ್ದರು. ಕೆಂಪು ಇಂಕು ಮುಟ್ಟುತ್ತಿರಲಿಲ್ಲ. ತಿದ್ದಿದ್ದು ಒಪ್ಪಿಗೆಯಾಗದಿದ್ದರೆ ನೀವೇ ಅಳಿಸಿಕೊಳ್ಳಿ ಎನ್ನುತ್ತಿದ್ದರು.

ಅವರ ಮನೆಮಾತು ತೆಲುಗು. ಹುಡುಗಿಯರನ್ನೆಲ್ಲ "ಏಮ್ಮಾ" ಎಂದೇ ಕರೆಯುತ್ತಿದ್ದರು. ಚಳ್ಳಕೆರೆಯ ಕಾಲೇಜಿಗೆ ದಿನಾ ಬಂದು ಹೋಗುವಾಗ ಬಸ್ಸಿನಲ್ಲೇ ಕಥೆ ಬರೆಯುತ್ತಿದ್ದರು. ಕುಲುಕಾಟಕ್ಕೆ ಕೆಟ್ಟ ಅಕ್ಷರ ಒಮ್ಮೊಮ್ಮೆ ಅವರಿಗೇ ತಿಳಿಯದೆ, ನನ್ನನ್ನು ಕೂರಿಸಿಕೊಂಡು ಓದಿಸುವರು.

ನನ್ನದು ದೊಡ್ಡಉಳ್ಳಾರ್ತಿ ಕಡೆಯ ಒಂದು ಹಟ್ಟಿ. ನಾನು ಎರಡನೇ ವರ್ಷದ ಡಿಗ್ರಿಯಲ್ಲಿದ್ದಾಗ ಅಕ್ಕನಿಗೆ ಹೆರಿಗೆಯಾಯಿತು. ನಮ್ಮಲ್ಲಿ ಮೈಲಿಗೆಯೆಂದು ಬಾಣಂತಿ ಹಟ್ಟಿಯೊಳಗೆ ಇರುವಂತಿಲ್ಲ. ಕೂಸಿನೊಡನೆ ಆಚೆಯ ಗುಡಿಸಲಲ್ಲಿರಬೇಕು. ಹುಲ್ಲುಗಾವಲಿನ ಬಯಲ ಕಡೆಯಿಂದ ಕೊರೆಯುವ ಗಾಳಿ ಬೇರೆ. ಇದನ್ನೆಲ್ಲ ಕಟ್ಟುನಿಟ್ಟಾಗಿ ನಡೆಸುತ್ತಿದ್ದವಳು ನನ್ನ ಅಜ್ಜಿ. ಸಿಟ್ಟಿನಲ್ಲಿ ಒಂದು ಕಥೆ ಬರೆದೆ. ಆರು ಪುಟ, ಅದರಲ್ಲಿ ನಾಲ್ಕು ಪುಟ ಬೈಗುಳವೇ.

ಮೇಡಂ ಓದಿ, ಆ ವಾರ ನಿಮ್ಮ ಮನೆಯಲ್ಲಿ ಬೇರೇನಾಯಿತು ಎಂದು ಕೇಳಿದರು. ಹಸು ಕರು ಹಾಕಿತು ಎಂದೆ. ಕರು ಎಲ್ಲಿದೆ ಎಂದರು. ಚಳಿಯೆಂದು ಅಜ್ಜಿ ಅದನ್ನು ಪಡಸಾಲೆಯಲ್ಲಿ ಗೋಣಿಚೀಲ ಹಾಸಿ ಮಲಗಿಸಿದ್ದಳು.

"ಇಷ್ಟೇ ಬರಿಯಮ್ಮಾ. ಕರು ಒಳಗೈತೆ, ಕೂಸು ಹೊರಗೈತೆ. ತಪ್ಪು ಅನ್ನೋ ಮಾತು ನೀನ್ ಆಡ್ಬೇಡ, ಓದಿದೋರು ಆಡ್ಲಿ" ಎಂದರು. ನಾಲ್ಕು ಪುಟಕ್ಕೂ ಗೀರು ಬಿತ್ತು. ಜೊತೆಗೆ ಇನ್ನೂ ಕಷ್ಟದ್ದೊಂದನ್ನು ಹೇಳಿದರು: ಕಥೆಯನ್ನು ಅಜ್ಜಿಯೇ ಹೇಳಬೇಕು, ಅವಳಿಗೆ ತಾನು ಮಾಡುತ್ತಿರುವುದು ಸರಿ ಅನ್ನಿಸುತ್ತಿರಬೇಕು.

ಅಜ್ಜಿಯ ಜೊತೆ ಮಾತು ಬಿಟ್ಟಿದ್ದೆ. ಅವಳ ಮಾತಿನ ಧಾಟಿ ಹಿಡಿಯಲೆಂದು ಹೋಗಿ ಪಕ್ಕದಲ್ಲಿ ಕೂತೆ. ಒಂದು ಮಧ್ಯಾಹ್ನ ಶೇಂಗಾ ಸುಲಿಯುತ್ತಾ ಅವಳೇ ಹೇಳಿದಳು, ಅವಳ ಚೊಚ್ಚಲ ಕೂಸು ಆ ಗುಡಿಸಲಿನ ಜಾಗದಲ್ಲೇ ಚಳಿಗೆ ತೀರಿಕೊಂಡಿತ್ತಂತೆ. ಅದು ನಮ್ಮ ಅವ್ವನಿಗೂ ಗೊತ್ತಿರಲಿಲ್ಲ.

ಅದನ್ನೂ ಕಥೆಗೆ ಸೇರಿಸಿದೆ. ಅಜ್ಜಿಯನ್ನು ಕೇಳದೆ ಕಾಲೇಜಿನ ಸಂಚಿಕೆಗೆ ಕೊಡುವಂತಿಲ್ಲ ಎಂದು ಮೇಡಂ ಒಂದು ಭಾನುವಾರ ಆಟೋ ಮಾಡಿಕೊಂಡು ಹಟ್ಟಿಗೇ ಬಂದು, ನನ್ನಿಂದ ಓದಿಸಿದರು. ಅಜ್ಜಿ ಮೊದಮೊದಲು ತನ್ನದೇ ಮಾತು ಕೇಳಿ ನಕ್ಕಳು. ಕರುವಿನ ಭಾಗಕ್ಕೆ ಬಂದಾಗ ಸೆರಗು ಬಾಯಿಗೆ ಹಿಡಿದಳು. ಓದು ಮುಗಿದ ಮೇಲೆ ನಾನು ಏನೋ ಹೇಳಹೊರಟೆ. ಮೇಡಂ ಮೊಣಕೈ ಒತ್ತಿ ನನ್ನನ್ನು ಸುಮ್ಮನಿರಿಸಿದರು.

"ಹಾಕ್ಸವ್ವ" ಎಂದಳು ಅಜ್ಜಿ ಕೊನೆಗೆ. "ಆ ಕೂಸಿಗೆ ನಾನೊಂದು ಹೆಸ್ರಿಟ್ಕಂಡಿದ್ದೆ. ಅದ್ನೂ ಹಾಕ್ಸು."

ಅಷ್ಟಕ್ಕೇ ಹಟ್ಟಿ ಬದಲಾಗಲಿಲ್ಲ. ಅಕ್ಕನ ಎರಡನೇ ಬಾಣಂತನವೂ ಹೊರಗೇ ಆಯಿತು. ಕಥೆ ಬರೆದು ಏನಾಯ್ತು ಮೇಡಂ ಎಂದು ಬೇಸರದಿಂದ ಕೇಳಿದ್ದೆ. "ನಿಮ್ಮಜ್ಜಿ ಆ ಕಥೆ ಇನ್ನೂ ಕೇಳ್ತಾನೇ ಇದಾರೆ ಕಣಮ್ಮಾ, ತಾಳು" ಎಂದಿದ್ದರು.

ಹೋದ ಶ್ರಾವಣದಲ್ಲಿ ಮೇಡಂ ತೀರಿಕೊಂಡರು. ತುಂಬು ಬಸುರಿಯಾಗಿದ್ದ ನನಗೆ ಮೊಳಕಾಲ್ಮೂರಿಗೆ ಹೋಗಲಾಗಲಿಲ್ಲ. ಅಜ್ಜಿಗೆ ತಿಳಿಸಲು ಬಾಯಿಯೂ ಬರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಹೆರಿಗೆಯಾಗಿ, ಆಸ್ಪತ್ರೆಯಿಂದ ಮಗಳನ್ನೆತ್ತಿಕೊಂಡು ತವರಿಗೆ ಬಂದಾಗ ಅಜ್ಜಿ ಹಟ್ಟಿಯ ಬಾಗಿಲಲ್ಲೇ ನಿಂತಿದ್ದಳು. ಹಿರಿಯರು ಏನೇನೋ ಅನ್ನುತ್ತಿದ್ದರು. ಅವಳು ಕೂಸನ್ನು ನನ್ನ ಕೈಯಿಂದ ತೆಗೆದುಕೊಂಡು ನೇರ ಮನೆಯೊಳಗೆ ನಡೆದಳು. ನಾನು ಹಿಂದೆ ಹೋದೆ.

ಹಾಸಿಗೆ ಬಿಡಿಸುತ್ತಾ ಕೇಳಿದಳು: "ನಿಮ್ ಮೇಡಮ್ಮಂಗೆ ಹೇಳ್ದೇನವ್ವ, ಒಳಗೆ ಕರ್ಕಂಡೆ ಅಂತ?"

"ಹೇಳ್ತೀನಜ್ಜಿ" ಎಂದೆ.