ಬಣ್ಣ ಇಳಿಯಗೊಡದ ಸೆಕೆಂಡಕ್ಕ

ಬೆಳಗಿನ ಆರು ಗಂಟೆ. ಆಂಬುಲೆನ್ಸ್‌ಗಳಿಗೆ ಬಣ್ಣ ಹೊಡೆಯುವ ಶೆಡ್ಡಿನಲ್ಲಿ ಕೊರೆಯುವ ಚಳಿ. ತಳದಲ್ಲಿ ತೂತಿರುವ ಪುಟ್ಟ ಬಟ್ಟಲನ್ನು ಬಣ್ಣ ಹೊಡೆಯುವ ಹೆಂಗಸೊಬ್ಬರು ಬಣ್ಣದೊಳಗೆ ಅದ್ದಿ ಮೇಲೆತ್ತುತ್ತಾರೆ. ಬಣ್ಣ ಎಳೆಯಾಗಿ ಸುರಿಯುತ್ತದೆ, ತುಟಿ ಸೆಕೆಂಡು ಎಣಿಸುತ್ತದೆ. ಇಪ್ಪತ್ತೆರಡಕ್ಕೆ ಕಡಿಯಬೇಕಿದ್ದ ಎಳೆ ಮೂವತ್ತೊಂದಕ್ಕೆ ಕಡಿಯುತ್ತದೆ: ಚಳಿಗೆ ಬಣ್ಣ ಗಟ್ಟಿಯಾಗಿದೆ. “ಇವತ್ತು ಇದಕ್ಕೂ ಮೈ ಭಾರ,” ಎಂದು ನಗುತ್ತಾ ಡಬ್ಬಿಯ ಮುಚ್ಚಳ ಬಿಗಿದು ಬಿಸಿನೀರಿನ ಬಕೆಟ್ಟಿನಲ್ಲಿ ಕೂರಿಸುತ್ತಾರೆ. ಈ ಎಣಿಕೆಯ ದೆಸೆಯಿಂದ ಶೆಡ್ಡಿನವರಿಗೆಲ್ಲ ಅವರು ‘ಸೆಕೆಂಡಕ್ಕ’.

ವಯಸ್ಸು ನಲವತ್ತೊಂಬತ್ತು. ಗಂಡ ಬಿದ್ದು ಸೊಂಟ ಮುರಿದುಕೊಂಡ ವರ್ಷ ಇಲ್ಲಿಗೆ ಕಸ ಗುಡಿಸಲು ಬಂದವರು, ಗುಡಿಸುತ್ತಲೇ ನೋಡಿ ಕಲಿತರು. ಬಣ್ಣ ಸಿಂಪಡಿಸುವ ಗನ್ ಹಿಡಿದು ಈಗ ಹತ್ತೊಂಬತ್ತು ವರ್ಷ. ದಿನಕ್ಕೆ ಎರಡು ಗಾಡಿ, ಗಾಡಿಗೆ ಮೂರು ಕೋಟು. ಸಂಜೆಗೆ ಬಲಗೈ ಮರಗಟ್ಟುತ್ತದೆ, ಮನೆಯಲ್ಲಿ ಗಂಡ ಎಣ್ಣೆ ಹಚ್ಚಿ ತಿಕ್ಕುತ್ತಾರೆ.

“ಗನ್ನಿಂದ ಹೊರಡುವಾಗ ಬಣ್ಣ ಸಲೀಸಾಗಿ ಹರೀಬೇಕು, ತಗಡಿನ ಮೇಲೆ ಕೂತ ತಕ್ಷಣ ಗಟ್ಟಿಯಾಗಿ ನಿಲ್ಬೇಕು. ಬಣ್ಣ ತೆಳು ಮಾಡೋ ತಿನ್ನರ್ ಜಾಸ್ತಿ ಆಯ್ತೋ, ಒಂದೇ ಸಲಕ್ಕೆ ದಪ್ಪ ಬಳಿದ್ವೋ, ಜಾರಿ ಕೆಳಗಿಳಿದುಬಿಡುತ್ತೆ,” ಎನ್ನುತ್ತಾರೆ ಸೆಕೆಂಡಕ್ಕ.

ಕಳೆದ ಚಳಿಗಾಲದಲ್ಲಿ ಆದದ್ದೂ ಅದೇ. ಮೂರು ಗಾಡಿ ಮರುದಿನವೇ ಆಸ್ಪತ್ರೆಗೆ ಹೋಗಬೇಕು, ಬಣ್ಣ ಗಟ್ಟಿಯಾಗಿದೆ. “ತಿನ್ನರ್ ಸುರಿದು ಹೊಡೀರಿ,” ಎಂದರು ಮೇಸ್ತ್ರಿ. ಇವರು ಒಪ್ಪಲಿಲ್ಲ. ಸಿಟ್ಟಿಗೆದ್ದ ಮೇಸ್ತ್ರಿ ಇವರನ್ನು ಮರಳು ಕಾಗದದಿಂದ ತಗಡು ಉಜ್ಜುವ ಕೆಲಸಕ್ಕೆ ಅಟ್ಟಿ, ಗನ್ನು ಬೇರೆಯವರ ಕೈಗೆ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಮೂರೂ ಗಾಡಿಗಳ ಮೈಮೇಲೆ ಬಣ್ಣ ಉದ್ದುದ್ದ ಇಳಿದು ಹೆಪ್ಪುಗಟ್ಟಿತ್ತು.

ಮಾಲೀಕರು ಕೆಂಡವಾದರು. ತಪ್ಪು ಯಾರದೆಂದು ಕೇಳಿದಾಗ ಮೇಸ್ತ್ರಿ ಹಿಂದೆ ಸರಿದರು. ಸೆಕೆಂಡಕ್ಕನೇ ಬಾಯಿಬಿಟ್ಟರು: “ತಪ್ಪು ಆಮೇಲೆ ಹುಡುಕೋಣ ಸಾರ್. ಎರಡು ದಿನ ಕೊಡಿ, ಸರಿ ಮಾಡ್ತೀನಿ.” ಒಣಗಲು ಬಿಟ್ಟು, ಉಜ್ಜಿ, ತೆಳ್ಳಗೆ ಒಂದೊಂದೇ ಕೋಟು ಕೊಟ್ಟು, ನಡುವೆ ಕಾದು, ಮೂರನ್ನೂ ಕನ್ನಡಿಯಂತೆ ಮಾಡಿದರು. ಅದಾದ ಮರುದಿನ ಬೆಳಿಗ್ಗೆ ಬಿಸಿನೀರು ಹೊತ್ತು ತಂದವರು ಸ್ವತಃ ಮೇಸ್ತ್ರಿ. “ಎಷ್ಟಕ್ಕ ಎಣಿಕೆ?” ಎಂದು ಕೇಳಿದರಂತೆ. ಈಗಲೂ ದಿನಾ ಕೇಳುತ್ತಾರೆ.

ಏನಾದರೂ ಬೇಕೇ ಎಂದರೆ ಸೆಕೆಂಡಕ್ಕ ಗಲ್ಲದ ಕೆಳಗೆ ಬಟ್ಟೆಯ ಪಟ್ಟಿ ಕಟ್ಟಿ ಬಿಗಿದ, ಬಣ್ಣದ ಘಾಟು ತಡೆಯುವ ದೊಡ್ಡ ಮಾಸ್ಕನ್ನು ಬಿಚ್ಚಿ ತೋರಿಸುತ್ತಾರೆ.

“ಇದು ಗಂಡಸರ ಮುಖದ ಅಳತೆ. ನನ್ನ ಮುಖಕ್ಕೆ ಸರಿಯಾಗಿ ಕೂರೋದೊಂದು ತರಿಸಿಕೊಟ್ರೆ, ಇನ್ನೂ ಹತ್ತು ವರ್ಷ ಹೊಡೀತೀನಿ.”