ರುವೈಸ್ ಕಡಲಿನಲ್ಲಿ ಹೆಂಚಿನ ಮಂಜಿ

ಜನವರಿಯ ಶುಕ್ರವಾರ ಬೆಳಗ್ಗೆ ಐದೂವರೆಗೆ ದೋಹಾದ ಅಲ್ ಅಜೀಜಿಯಾದಲ್ಲಿ ನಮ್ಮ ಕಟ್ಟಡದ ಕೆಳಗೆ ಕಾರು ಸ್ಟಾರ್ಟ್ ಮಾಡಿದೆ. ಹೊರಗೆ ಹನ್ನೆರಡು ಡಿಗ್ರಿ. ಹಿಂದಿನ ಸೀಟಿನಲ್ಲಿ ಮೂರು ಟವೆಲ್, ಶುಂಠಿ ಕಷಾಯದ ಫ್ಲಾಸ್ಕ್, ಹಿಂದಿನ ಸಂಜೆ ಕರಿದ ಹದಿನಾಲ್ಕು ಬನ್ಸ್. ಪಕ್ಕದ ಸೀಟಿನಲ್ಲಿ ಮಂಕಿ ಟೋಪಿ ಹಾಕಿ ಕೂತಿದ್ದ ಭಾಸ್ಕರಣ್ಣ.

ಭಾಸ್ಕರಣ್ಣ ಮಲ್ಪೆ ಕಡೆಯ ದೋಣಿ ಕಟ್ಟುವ ಆಚಾರಿ. ದೋಹಾದಲ್ಲಿ ಹಳೆಯ ಮರದ ದೋಣಿ ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಕಳೆದವರು. ಬರುವ ಬುಧವಾರ ಕೆಲಸ ಬಿಟ್ಟು ಊರಿಗೆ ಹೊರಡುವವರಿದ್ದರು. ನಾನು ಹಮದ್ ಬಂದರಿನ ಕಂಟೇನರ್ ಕಾಗದಪತ್ರ ನೋಡುವವಳು. ಬೊಜ್ಜು ಕರಗಲಿ ಎಂದು ನಲವತ್ತಾರನೆಯ ವಯಸ್ಸಿಗೆ ಈಜು ಕಲಿಯಲು ಹೋಗಿ, ಕೊನೆಗೆ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಮುಳುಗುವುದನ್ನೂ ಕಲಿತೆ.

ಎರಡು ತಿಂಗಳ ಹಿಂದೆ ಡೈವಿಂಗ್ ಗೈಡ್ ನಾಸಿರ್ ನನಗೊಂದು ವಿಡಿಯೋ ಕಳಿಸಿದ್ದ. ದೇಶದ ಉತ್ತರ ತುದಿಯ ರುವೈಸ್‌ನ ಆಚೆ ಏಳು ಮೀಟರ್ ನೀರಿನಲ್ಲಿ ಮರದ ಹಡಗೊಂದರ ಅವಶೇಷ, ಅದರ ತುಂಬಾ ಮಂಗಳೂರು ಹೆಂಚು. ನಮ್ಮ ಊರ ಕಡೆಯವರ ಸಂಘದ ಊಟದ ದಿನ ಅದನ್ನು ಭಾಸ್ಕರಣ್ಣನಿಗೆ ತೋರಿಸಿದೆ. ಅವರು ಪಾಯಸದ ಲೋಟ ಕೆಳಗಿಟ್ಟು ನಾಲ್ಕು ಸಲ ನೋಡಿದರು.

ಅವರ ಸೋದರಮಾವ ಅರವತ್ತು ವರ್ಷದ ಹಿಂದೆ ಒಂದು ಮಂಜಿ ಕಟ್ಟಿದ್ದರಂತೆ. ಮಂಜಿ ಎಂದರೆ ನಮ್ಮ ಕರಾವಳಿಯ ದೊಡ್ಡ ಹಾಯಿ ಹಡಗು. ಹೆಂಚು ಹೇರಿಕೊಂಡು ಈ ಕಡೆ ಬಂದದ್ದು ಮತ್ತೆ ಊರು ಕಾಣಲಿಲ್ಲ. ಜನ ಉಳಿದರು, ಬೇರೆ ಹಡಗು ಹತ್ತಿ ಮನೆ ಸೇರಿದರು. ನಡೆಸುತ್ತಿದ್ದ ತಂಡೇಲ ಊರಲ್ಲಿ ಹೇಳಿದ್ದು ಒಂದೇ ಮಾತು: "ಹಲಗೆ ಬಿಟ್ಟಿತು." ಅಂದರೆ ಸಂದು ತೆರೆದು ನೀರು ನುಗ್ಗಿತು, ತಪ್ಪು ಕಟ್ಟಿದವನದು. ಆಮೇಲೆ ಮಾವನಿಗೆ ಯಾರೂ ದೋಣಿ ಕೆಲಸ ಕೊಡಲಿಲ್ಲ. ಬಾಗಿಲು, ಕಿಟಕಿ, ಮಂಚ ಮಾಡುತ್ತಲೇ ತೀರಿಕೊಂಡರು.

"ಎರಡು ಹಲಗೆ ತುದಿಗೆ ತುದಿ ಸೇರಿಸುವಾಗ ಮೆಟ್ಟಿಲಿನ ಹಾಗೆ ಕಚ್ಚು ಹಾಕ್ತೇವೆ," ಎಂದು ದಾರಿಯ ಅಲ್ ಖೋರ್ ಪಟ್ಟಣ ದಾಟುವಾಗ ಭಾಸ್ಕರಣ್ಣ ಬೆರಳಿಗೆ ಬೆರಳು ಸೇರಿಸಿ ತೋರಿಸಿದರು. "ಎಲ್ಲರೂ ಎರಡು ಕಚ್ಚು. ನಮ್ಮ ಮಾವ ಮಾತ್ರ ಮೂರು. ಕೆಲಸ ಜಾಸ್ತಿ, ಆದ್ರೆ ಬಿಡುವುದಿಲ್ಲ. ನೀನು ಅದೊಂದು ನೋಡಿ ಬಾ ಮಾರಾಯ್ತಿ. ಕಚ್ಚು ಎಷ್ಟು, ಸಂದು ಬಿಟ್ಟಿದೆಯಾ ಇಲ್ವಾ."

"ನೀವೇ ಇಳಿಯಬಹುದಿತ್ತು."

"ಕಿವಿ ಆಪರೇಷನ್ ಆದವನನ್ನು ಇಳಿಸಿದ್ರೆ ಬುಧವಾರ ನನ್ನನ್ನು ಕಾರ್ಗೋದಲ್ಲಿ ಕಳಿಸಬೇಕು ನೀನು. ಕಾಗದವೂ ನೀನೇ ಮಾಡುವವಳು!"

ನೂರ ಹದಿನೈದು ಕಿಲೋಮೀಟರ್, ನಡುವೆ ಪೆಟ್ರೋಲ್ ಪಂಪಿನಲ್ಲಿ ಒಂದು ಕರಕ್ ಚಹಾ. ಏಳೂಕಾಲಿಗೆ ರುವೈಸ್ ಬಂದರು. ದೋಣಿ, ಎರಡು ಸಿಲಿಂಡರ್ ಎಲ್ಲ ಸೇರಿ ತಲೆಗೆ ಮುನ್ನೂರೈವತ್ತು ರಿಯಾಲ್. ಮುಳುಗದವರಿಗೆ ಅರ್ಧ. ಕೋಝಿಕ್ಕೋಡಿನ ನಾಸಿರ್ ನನ್ನ ದಪ್ಪ ರಬ್ಬರ್ ಸೂಟಿನ ಜಿಪ್ ಎಳೆಯಲು ಮಂಡಿ ಊರಬೇಕಾಯಿತು. ಬನ್ಸ್ ಕಡಿಮೆ ಮಾಡಬೇಕೆಂದು ಅವನು ಹೇಳಲಿಲ್ಲ, ಭಾಸ್ಕರಣ್ಣ ಹೇಳಿದರು.

ಮುಕ್ಕಾಲು ಗಂಟೆ ಸಾಗಿ ದೋಣಿ ಲಂಗರು ಹಾಕಿತು. ನೀರು ಹದಿನೇಳು ಡಿಗ್ರಿ. "ಮುಟ್ಟುವುದು ಕಮ್ಮಿ, ಎತ್ತುವುದು ಮಾಫಿ," ಎಂದ ನಾಸಿರ್. "ಚೇಚಿ, ಒಂದು ಚೂರು ಹೆಂಚೂ ಮೇಲೆ ಬರಬಾರದು." ಅವನ ಮಾಫಿ ಅರಬ್ಬಿಯ 'ಇಲ್ಲ', ಚೇಚಿ ಮಲಯಾಳದ 'ಅಕ್ಕ'.

ಬೆನ್ನ ಕಡೆಗೆ ಬಿದ್ದ ಕೂಡಲೇ ತಣ್ಣನೆಯ ನೀರು ಕುತ್ತಿಗೆಯಿಂದ ಸೊಂಟದವರೆಗೆ ಹರಿಯಿತು. ಹಣೆ ಸಿಡಿಯಿತು. ಹಗ್ಗ ಹಿಡಿದು ಇಳಿದೆ. ಮೊದಲು ಹಸಿರು ಮಬ್ಬು ಬಿಟ್ಟು ಏನೂ ಇರಲಿಲ್ಲ. ಆಮೇಲೆ, ಎರಡನೆಯ ಮಹಡಿಯ ಬಾಲ್ಕನಿಯಿಂದ ಅಂಗಳ ನೋಡಿದಷ್ಟು ಕೆಳಗೆ, ಅದು ಇತ್ತು.

ಚೆಲ್ಲಾಪಿಲ್ಲಿ ಬಿದ್ದಿರಬಹುದೆಂದು ನಾನು ಎಣಿಸಿದ್ದೆ. ಇಲ್ಲ. ಹೆಂಚುಗಳು ಸಾಲಾಗಿ, ಅಂಗಡಿಯಲ್ಲಿ ನಿಲ್ಲಿಸಿಟ್ಟ ಹಾಗೆ, ಒಂದರ ಬೆನ್ನಿಗೆ ಒಂದು ನಿಂತಿದ್ದವು. ಅರವತ್ತು ವರ್ಷದಿಂದ ಯಾರೂ ಇಳಿಸಿಕೊಳ್ಳಲು ಬಾರದ ಸಾಮಾನು. ಮೇಲೆ ಪಾಚಿ, ಪುಟ್ಟ ಹವಳ. ಆದರೆ ನಾಸಿರ್ ಟಾರ್ಚ್ ಹಾಕಿದ ಕಡೆ ಸಂದಿಯೊಳಗೆ ಅದೇ ಕೆಂಪು, ನನ್ನ ಅಜ್ಜಿಯ ಮನೆಯ ಮಾಡಿನ ಕೆಂಪು. ಒಂದೊಂದು ಸಂದಿಯಲ್ಲೂ ಒಂದೊಂದು ಮರಿ ಮೀನು ಮುಖ ಹೊರಹಾಕಿ ನಮ್ಮನ್ನು ನೋಡುತ್ತಿತ್ತು. ಎರಡೂ ಬದಿಯಲ್ಲಿ ಹಡಗಿನ ಪಕ್ಕೆಲುಬುಗಳು ಮರಳಿನಿಂದ ಎದ್ದಿದ್ದವು. ಮೊಣಕೈಯಷ್ಟು ಉದ್ದದ ಹಮೂರ್ ಮೀನೊಂದು ಯಜಮಾನನ ಹಾಗೆ ಈ ತುದಿಯಿಂದ ಆ ತುದಿಗೆ ಹೋಗಿ ಬಂತು. ಮೇಲಿನ ಅಲೆಯ ಬೆಳಕು ಹೆಂಚಿನ ಮೇಲೆ ಮೆಲ್ಲಗೆ ಜಾರುತ್ತಿತ್ತು. ನನ್ನ ಉಸಿರಿನ ಸದ್ದು ಕೂಡ ಅಲ್ಲಿ ಹೆಚ್ಚಾಯಿತು ಎನಿಸಿತು. ಯಾವ ಕೈಗಳು ಇಷ್ಟು ನೀಟಾಗಿ ಜೋಡಿಸಿದವೋ ಎಂದುಕೊಳ್ಳುತ್ತ ಕೈಕಟ್ಟಿ ತೇಲುತ್ತಿದ್ದೆ. ನಾಸಿರ್ ಗಡಿಯಾರ ತೋರಿಸುವವರೆಗೆ ಹಾಗೇ ಇದ್ದೆ.

ಮೇಲೆ ಬಂದು ಏಣಿ ಹಿಡಿದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಭಾಸ್ಕರಣ್ಣ ಟವೆಲ್ ಹಿಡಿದು ಕೇಳುತ್ತಿದ್ದರು. ಮುಗಿದ ಮೇಲೆ ಕೇಳಿದರು, "ಕಚ್ಚು ಎಷ್ಟಿತ್ತು?"

ತರಕಾರಿ ತಂದ ತಾರೀಕನ್ನೂ ಡೈರಿಯಲ್ಲಿ ಬರೆಯುವವಳು ನಾನು. ಒಂದೇ ಒಂದು ಕೆಲಸ ಒಪ್ಪಿಕೊಂಡು ಹೋಗಿ ಅದನ್ನೇ ಮರೆತಿದ್ದೆ.

"ಹೋಗ್ಲಿ ಬಿಡು," ಎಂದು ಅವರು ಕಷಾಯ ಬಗ್ಗಿಸಿಕೊಟ್ಟರು. "ಅಷ್ಟು ಚಂದ ಇದ್ರೆ ಯಾರಿಗಾದ್ರೂ ಮರೆತೇ ಹೋಗ್ತದೆ." ಬೈದಿದ್ದರೆ ಒಳ್ಳೆಯದಿತ್ತು.

ಒಂದು ಗಂಟೆ ದೋಣಿಯಲ್ಲಿ ಕೂತೆವು. ನನ್ನ ಹಲ್ಲು ಕಟಕಟ ಎನ್ನುತ್ತಿತ್ತು, ಉಗುರು ನೀಲಿ. ಉತ್ತರದಿಂದ ಶಮಾಲ್ ಗಾಳಿ ಶುರುವಾಯಿತು. ನಾಸಿರ್ ಆಕಾಶ ನೋಡಿ, ನನ್ನ ಉಗುರು ನೋಡಿ, "ಚೇಚಿ, ಖಲಾಸ್. ವಾಪಸ್ ಹೋಗುವ," ಎಂದ.

"ಹದಿನೈದು ನಿಮಿಷ."

"ಬೇಡ ಮಾರಾಯ್ತಿ," ಎಂದರು ಭಾಸ್ಕರಣ್ಣ. "ಸತ್ತವರ ಹೆಸರಿಗೆ ನೀನು ಯಾಕೆ ಜ್ವರ ಬರಿಸಿಕೊಳ್ತಿ?" ಆದರೆ ಹೇಳುವಾಗ ಅವರ ಕಣ್ಣು ನೀರಿನ ಮೇಲೇ ಇತ್ತು. ನಾಸಿರ್ ಅದನ್ನು ಕಂಡ. ಎರಡನೆಯ ಸಿಲಿಂಡರ್ ಎತ್ತಿಕೊಂಡು, "ಹತ್ತು ನಿಮಿಷ. ಯಲ್ಲಾ, ನಡೀರಿ," ಎಂದ.

ಈ ಸಲ ಹೆಂಚನ್ನು ನೋಡಲಿಲ್ಲ. ಬದಿಗೆ ಹೋಗಿ ಮರಳಿಗೆ ಹೊಟ್ಟೆ ತಾಗುವಷ್ಟು ಇಳಿದೆ. ಹೊರಗಿದ್ದ ಮರವನ್ನೆಲ್ಲ ಹುಳ ತಿಂದಿತ್ತು, ಮುಟ್ಟಿದರೆ ಪುಡಿ. ಹೆಂಚಿನ ಭಾರದ ಅಡಿಯಲ್ಲಿ, ಮರಳಿನೊಳಗೆ ಮಾತ್ರ ಹಲಗೆ ಉಳಿದಿರಬಹುದು. ನಾಸಿರ್ ಆಗಲಿ ಎಂದು ತಲೆಯಾಡಿಸಿದ ಮೇಲೆ ಅಂಗೈಯಿಂದ ಮರಳಿಗೆ ಗಾಳಿ ಬೀಸುವ ಹಾಗೆ ಬೀಸಿದೆ. ನೀರು ಕದಡಿತು, ಏನೂ ಕಾಣಲಿಲ್ಲ. ಕೈಗವಸು ಕಳಚಿ ಕಣ್ಣು ಮುಚ್ಚಿ ಬೆರಳಿನಲ್ಲಿ ಹುಡುಕಿದೆ. ನಯವಾದ ಮರ. ಮುಂದೆ ಒಂದು ಗೆರೆ. ಗೆರೆ ಸ್ವಲ್ಪ ದೂರ ಹೋಗಿ ತಿರುಗಿತು. ಒಂದು. ಮತ್ತೆ ತಿರುಗಿತು. ಎರಡು. ಅಲ್ಲಿಗೆ ಮುಗಿಯಿತೆಂದುಕೊಂಡೆ. ಬೆರಳು ಮರಗಟ್ಟಿತ್ತು, ನಂಬಿಕೆ ಬರಲಿಲ್ಲ. ಮೊದಲಿನಿಂದ ಮತ್ತೆ ಮುಟ್ಟುತ್ತ ಬಂದೆ. ಎರಡರ ಆಚೆ ಮತ್ತೊಂದು ತಿರುವು. ಮೂರು. ಸಂದಿಗೆ ಉಗುರು ತೂರಿಸಲು ನೋಡಿದೆ. ಹೋಗಲಿಲ್ಲ.

ನೀರು ತಿಳಿಯಾದಾಗ ನಾಸಿರ್ ಭುಜ ತಟ್ಟಿ ತಾನು ಮರಳು ಸರಿಸಿದ ಜಾಗ ತೋರಿಸಿದ. ಆ ಸಂದಿನಿಂದ ಎರಡು ಮಾರು ದೂರದಲ್ಲಿ ಹವಳದ ಬಂಡೆಯೊಂದು ತಳವನ್ನು ತೂರಿ ಮೇಲೆ ಬಂದಿತ್ತು. ಸುತ್ತಲಿನ ಹಲಗೆಗಳು ನಡುವಿನಲ್ಲೇ ಅಡ್ಡಕ್ಕೆ ಮುರಿದಿದ್ದವು. ಸೇರಿಸಿದ ಜಾಗದಲ್ಲಿ ಒಂದೂ ಬಿಟ್ಟಿರಲಿಲ್ಲ.

ದೋಣಿ ಹತ್ತಿದ ಮೇಲೆ ಮಾತಾಡಲು ದವಡೆ ಕೇಳಲಿಲ್ಲ. ಭಾಸ್ಕರಣ್ಣನ ಬಲಗೈ ಎಳೆದು, ಅಂಗೈ ಬಿಡಿಸಿ, ಸುಕ್ಕುಗಟ್ಟಿದ ನನ್ನ ಬೆರಳಿನಿಂದ ಗೆರೆ ಎಳೆದೆ. ಒಂದು ತಿರುವು, ಎರಡು, ಮೂರು. ಅವರು ಅಂಗೈ ಮುಚ್ಚಿಕೊಂಡರು. ಬಂಡೆಯ ಸಂಗತಿ ನಾಸಿರ್ ಹೇಳಿದ. ಭಾಸ್ಕರಣ್ಣ, "ತಂಡೇಲನಿಗೂ ಕಲ್ಲು ಕಂಡಿರಲಿಕ್ಕಿಲ್ಲ, ಪಾಪ," ಎಂದರು.

ದಡ ಹತ್ತಿರವಾಗಿ ಫೋನಿಗೆ ಸಿಗ್ನಲ್ ಬಂದ ಕೂಡಲೇ ಮಾವನ ಹೆಂಡತಿಗೆ ಕರೆ ಮಾಡಿದರು. ಎಂಬತ್ತೆಂಟರ ಅವರಿಗೆ ಕಿವಿ ಮಂದ. ಸ್ಪೀಕರ್ ಹಾಕಿ ತುಳುವಿನಲ್ಲಿ ಕೂಗಿದರು, "ಅತ್ತೆ, ಹಲಗೆ ಬಿಡ್ಲಿಲ್ಲ! ಮಾವನ ಹಲಗೆ ಬಿಡ್ಲೇ ಇಲ್ಲ!"

"ಅದು ನನಗೆ ಗೊತ್ತಿಲ್ವಾ? ಅವರೊಟ್ಟಿಗೆ ಸಂಸಾರ ಮಾಡಿದವಳು ನಾನು," ಎಂದಿತು ಆ ಕಡೆಯ ಸ್ವರ. ಹಿಂದೆಯೇ ಬಂತು, "ನೀನು ಬಂದ ದಿನವೇ ತಂಡೇಲನ ಮಗನ ಮನೆಗೆ ಹೋಗಿ ಹೇಳು. ಮೆಲ್ಲಗೆ ಅಲ್ಲ. ಅಂಗಳದಲ್ಲಿ ನಿಂತು, ನಾಲ್ಕು ಮನೆಗೆ ಕೇಳುವ ಹಾಗೆ ಹೇಳು."

ಕಾರು ಹತ್ತುವ ಮೊದಲು ತಿರುಗಿ ನೋಡಿದೆ. ಗಾಳಿಗೆ ಕಡಲೆಲ್ಲ ಬಿಳಿ ನೊರೆ, ಜಾಗ ಯಾವುದೆಂದು ಗುರುತಿಸಲಾಗಲಿಲ್ಲ. ಭಾಸ್ಕರಣ್ಣ ಎಡಗೈಯಲ್ಲಿ ಬನ್ಸ್ ತಿನ್ನುತ್ತಿದ್ದರು. ಮುಚ್ಚಿದ ಬಲಗೈಯನ್ನು ಅಲ್ ಖೋರ್ ದಾಟುವವರೆಗೂ ಬಿಡಿಸಲಿಲ್ಲ.